ಭಾನುವಾರದ ಆಯುಧಪೂಜೆ

ಅಮೆರಿಕಕ್ಕೆ ಬಂದ ಮೇಲೆ ನಮ್ಮ ದೇವರುಗಳಿಗೂ ವಾರದ ದಿನ ಪುರಸೊತ್ತು ಸಿಗುವುದಿಲ್ಲ. ಗೌರಿಯಾಗಲಿ ಚಾಮುಂಡಿಯಾಗಲಿ, ಶನಿವಾರವೋ ಭಾನುವಾರವೋ ನೋಡಿಕೊಂಡೇ ಬರಬೇಕು. ಹಾಗಾಗಿ ೧೯೮೨ರ ಆಯುಧಪೂಜೆ ಪಂಚಾಂಗದಲ್ಲಿ ಮಂಗಳವಾರವೇ ಮುಗಿದಿದ್ದರೂ, ನ್ಯೂಜೆರ್ಸಿಯ ಹಿಲ್ಸ್‌ಬರೋದಲ್ಲಿದ್ದ ಬೋರಲಿಂಗಯ್ಯನ ಮನೆಗೆ ಭಾನುವಾರ ಬಂತು. ಶನಿವಾರವೇ ಬರಬಹುದಿತ್ತು. ಆದರೆ ಅವತ್ತು ಮಧ್ಯಾಹ್ನದ ತನಕ ಮಳೆ ಹುಯ್ಯಿತು.

ಭಾನುವಾರ ಅಂದರೆ ಅಕ್ಟೋಬರ್ ಮೂವತ್ತೊಂದು, ಹ್ಯಾಲೋವೀನ್. ಮಕ್ಕಳು ದೆವ್ವ ಭೂತಗಳ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬ. "ಬೇಡ ಕಣ್ರೀ, ಇನ್ನೊಂದು ವಾರ ಬಿಟ್ಟು ಮಾಡೋಣ" ಎಂದಳು ಹೆಂಡತಿ ಸುಧಾಮಣಿ.

"ಇವರ ದೆವ್ವಗಳಿಗೆ ಹೆದರಿಕೊಂಡು ನಮ್ಮ ಚಾಮುಂಡಿ ಕ್ಯೂನಲ್ಲಿ ನಿಲ್ಲಬೇಕಾ? ಆಗೋದಿಲ್ಲ!" ಎಂದ ಬೋರಲಿಂಗಯ್ಯ.

ಆಗೋದಿಲ್ಲ ಅನ್ನುವುದು ಅವನಿಗೆ ಉಸಿರಾಟದಷ್ಟೇ ಸಲೀಸು. ಮಾರಿಸ್‌ಟೌನಿನ ಆಫೀಸಿನಲ್ಲಿ ಎಂಜಿನಿಯರು. ಅಲ್ಲಿನವರು "ನಿನ್ನ ಹೆಸರು ಉದ್ದ, ಬಾಬ್ ಅಂತ ಕರೀಲಾ?" ಅಂದಾಗಲೂ ಆಗೋದಿಲ್ಲ ಅಂದಿದ್ದ. ಪಾಪ, ಇಡೀ ಆಫೀಸು ಆರು ತಿಂಗಳು ನಾಲಿಗೆ ಹೊರಳಿಸಿ ಬೋರಲಿಂಗಯ್ಯ ಅನ್ನುವುದನ್ನು ಕಲಿಯಿತು. ಹೋದ ವರ್ಷದ ಹ್ಯಾಲೋವೀನಿಗೆ ಹೊರಗಿನ ದೀಪ ಆರಿಸಿ, ಹೆಂಡತಿ ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿ, ಕತ್ತಲಲ್ಲೇ ಉಪ್ಪಿಟ್ಟು ತಿನ್ನಿಸಿದ್ದ. ಬಾಗಿಲ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಸುಧಾಮಣಿ ಗೋಡಂಬಿ ಅಂದುಕೊಂಡು ಹಸಿಮೆಣಸಿನಕಾಯಿ ಕಚ್ಚಿದ್ದಳು.

ಈ ಸಲ ಎಂಟು ವರ್ಷದ ಮಗಳು ವಿಜಿ ಬಿಡುವಂತಿರಲಿಲ್ಲ. ಅವರ ಬೀದಿಯಲ್ಲಿ ಹ್ಯಾಲೋವೀನ್ ಮಧ್ಯಾಹ್ನ ಮಕ್ಕಳದೊಂದು ಮೆರವಣಿಗೆ. ಎದುರುಮನೆಯ ಮಿಸೆಸ್ ಕೊವಾಲ್ಸ್ಕಿ ಅದರ ಯಜಮಾನಿ. ಅಮ್ಮನ ಕಪ್ಪು ಲಂಗವನ್ನೇ ಕತ್ತರಿಸಿ ಮಾಟಗಾತಿಯ ನಿಲುವಂಗಿ ಹೊಲಿಸಿಕೊಂಡು ವಿಜಿ ಒಂದು ತಿಂಗಳಿಂದ ಕಾಯುತ್ತಿದ್ದಳು.

"ನಮ್ಮ ಮನೇಲಿ ಮಾಟಗಾತಿ ಯಾರೂ ಆಗಕೂಡದು" ಎಂದ ಬೋರಲಿಂಗಯ್ಯ, ಬೆಳಿಗ್ಗೆ ಕಾಫಿ ಕುಡಿಯುತ್ತಾ.

"ಅಪ್ಪಾ, ದಟ್ಸ್ ನಾಟ್ ಫೇರ್! ಎವ್ರಿಬಡಿ ಈಸ್ ಗೋಯಿಂಗ್!" ವಿಜಿಯ ಕಣ್ಣು ತುಂಬಿತು. ಬೋರಲಿಂಗಯ್ಯ ಕಾಫಿ ಲೋಟದೊಳಗೆ ನೋಡಿದ. ಮಗಳ ಕಣ್ಣೀರಿನ ಮುಂದೆ ಮಾತ್ರ ಅವನ ಆಗೋದಿಲ್ಲ ಸ್ವಲ್ಪ ತೊದಲುತ್ತಿತ್ತು. "ಪೂಜೆ ಆಗಲಿ, ಆಮೇಲೆ ನೋಡೋಣ" ಎಂದು ಎದ್ದ.

ಪೂಜೆ ಹೊಸ ಸ್ಟೇಷನ್ ವ್ಯಾಗನ್ನಿಗೆ. ಕಾರಿಗೆ ಸೇವಂತಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ಮೂತಿಗೆ ವಿಭೂತಿ. ಬೋರಲಿಂಗಯ್ಯ ಕೊರೆಯುವ ಚಳಿಯಲ್ಲಿ ಪಂಚೆ ಉಟ್ಟು, ಶಲ್ಯ ಹೊದ್ದು, ಹಣೆಗೆ ಕುಂಕುಮ ಇಟ್ಟು ಡ್ರೈವ್‌ವೇಗೆ ಇಳಿದ. ಜೊತೆಗೆ ಗೆಳೆಯ ಸುಬ್ಬು. ಅವನು ಪಕ್ಕದೂರಿನಿಂದ ಪ್ರಸಾದದ ಆಸೆಗೇ ಡ್ರೈವ್ ಮಾಡಿಕೊಂಡು ಬಂದವನು.

"ಅಮ್ಮ ಎಲ್ಲೋ? ಆರತಿ ಎತ್ತಬೇಕಲ್ಲ?" ಎಂದ ಸುಬ್ಬು.

ಬೋರಲಿಂಗಯ್ಯನ ತಾಯಿ ನಿಂಗಮ್ಮ ಮಂಡ್ಯದಿಂದ ಬಂದು ಇನ್ನೂ ಹತ್ತು ದಿನ ಆಗಿರಲಿಲ್ಲ. "ಅವರಿಗೆ ಇನ್ನೂ ಇಲ್ಲಿಯ ಹಗಲು ರಾತ್ರಿ ಹೊಂದಿಲ್ಲ. ಕೋಳಿ ಕೂಗೋಕ್ಕೆ ಮುಂಚೆ ಎದ್ದು ಓಡಾಡ್ತಾರೆ, ಈಗ ಮಲಗಿದಾರೆ. ಮಲಗಲಿ" ಎಂದ ಬೋರಲಿಂಗಯ್ಯ.

ಮಂಗಳಾರತಿ ಆಯಿತು. ರೂಟ್ ೨೦೬ ಹೆದ್ದಾರಿ ಪಕ್ಕದ ತೋಟದಿಂದ ತಾನೇ ಆರಿಸಿ ತಂದಿದ್ದ ದಪ್ಪ ಕುಂಬಳಕಾಯಿಯ ನೆತ್ತಿ ಕೊರೆದು, ಕುಂಕುಮ ತುಂಬಿ, ಕಾರಿಗೆ ಮೂರು ಸುತ್ತು ನಿವಾಳಿಸಿ, ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ "ಜೈ ಚಾಮುಂಡಿ!" ಎಂದು ರಸ್ತೆಗೆ ಅಪ್ಪಳಿಸಿದ. ಕುಂಬಳಕಾಯಿ ಢಬ್ಬೆಂದು ಒಡೆದು ನಾಲ್ಕು ದಿಕ್ಕಿಗೂ ಕೆಂಪಗೆ ಚೆಲ್ಲಿತು.

"ಓ ಮೈ ಗಾಡ್! ಇಟ್ಸ್ ಹಿಮ್!"

ಮಿಸೆಸ್ ಕೊವಾಲ್ಸ್ಕಿ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು, ತಲೆಗೂದಲಿಗೆ ಗುಂಗುರು ಮಾಡುವ ಸುರುಳಿ ಸಿಕ್ಕಿಸಿಕೊಂಡೇ. ಹಿಂದೆ ಅವಳ ಇಬ್ಬರು ಮಕ್ಕಳು. ಪಕ್ಕದ ಮನೆಯ ಫ್ರ್ಯಾಂಕ್ ಎಲೆ ಗುಡಿಸುವ ಕುಂಟೆ ಹಿಡಿದೇ ಓಡಿಬಂದ. ಈ ಫ್ರ್ಯಾಂಕ್ ಅಕ್ಟೋಬರಿನಲ್ಲಿ ಮರದಡಿಯೇ ನಿಂತು ಎಲೆ ಬೀಳುವುದನ್ನು ಕಾಯುವಂಥ ಮನುಷ್ಯ. ನೋಡನೋಡುತ್ತಾ ಅರ್ಧ ಬೀದಿ ಅಲ್ಲಿ ಸೇರಿತು.

ವಿಷಯ ಏನೆಂದರೆ, ಅವತ್ತು ಬೀದಿ ಏಳುವ ಹೊತ್ತಿಗೆ ಮನೆಮನೆಯ ಮೆಟ್ಟಿಲ ಮೇಲೆ ಹ್ಯಾಲೋವೀನಿಗೆಂದು ಕಣ್ಣು ಮೂಗು ಕೊರೆದು ಇಟ್ಟಿದ್ದ ಕುಂಬಳಕಾಯಿಗಳೆಲ್ಲಾ ನುಚ್ಚುನೂರಾಗಿದ್ದವು. ಮಕ್ಕಳು ವಾರವಿಡೀ ಕೂತು ಕೊರೆದದ್ದು. ಹ್ಯಾಲೋವೀನಿನ ಹಿಂದಿನ ರಾತ್ರಿ ಪಡ್ಡೆ ಹುಡುಗರು ಕಿತಾಪತಿ ಮಾಡುವುದು ಅಲ್ಲಿ ಮಾಮೂಲು, ಆದರೆ ಒಂದನ್ನೂ ಬಿಡದೆ ಒಡೆದಿದ್ದು ಯಾವತ್ತೂ ಇಲ್ಲ. ಅಪರಾಧಿ ಯಾರು ಅಂತ ಅವರು ತಲೆ ಕೆಡಿಸಿಕೊಂಡಿರುವಾಗ, ಬಿಳಿ ಬಟ್ಟೆ ಸುತ್ತಿಕೊಂಡ ಒಬ್ಬ ಮನುಷ್ಯ ಹಾಡಹಗಲಲ್ಲಿ ಕಿರುಚಿಕೊಂಡು ಕುಂಬಳಕಾಯಿ ಒಡೆಯುತ್ತಿದ್ದಾನೆ. ಯಾರಾದರೂ ಏನು ತಿಳಿದುಕೊಳ್ಳಬೇಕು ಹೇಳಿ?

"ನಿನಗೆ ನಮ್ಮ ಹಬ್ಬ ಕಂಡರೆ ಆಗೋದಿಲ್ಲ ಅಂತ ನನಗೆ ಗೊತ್ತು" ಎಂದಳು ಮಿಸೆಸ್ ಕೊವಾಲ್ಸ್ಕಿ. "ಹೋದ ವರ್ಷ ಕತ್ತಲಲ್ಲಿ ಅಡಗಿ ಕೂತಿದ್ದೆ. ಈ ವರ್ಷ ಇದು! ಮಕ್ಕಳ ಕುಂಬಳಕಾಯಿ ಒಡೆಯೋ ಮನೆಯವರು ನಮ್ಮ ಮೆರವಣಿಗೆಗೆ ಬರೋದು ಬೇಡ."

ಬಾಗಿಲಲ್ಲಿ ನಿಂತಿದ್ದ ವಿಜಿಯ ಮುಖ ಸಪ್ಪಗಾಯಿತು. ಅದನ್ನು ಬೋರಲಿಂಗಯ್ಯ ನೋಡಿದ. ನೋಡಿದ್ದೇ ತಡ, ಮೈಯೆಲ್ಲಾ ಉರಿದುಹೋಯಿತು. ಬೆಳಿಗ್ಗೆ ತಾನೇ ಹೋಗಕೂಡದು ಅಂದದ್ದು ಅವನಿಗೆ ನೆನಪೂ ಆಗಲಿಲ್ಲ. ನಾನು ಬೇಡ ಅಂದರೆ ಅದು ನಮ್ಮ ಮನೆ ಮಾತು. ಇವಳ್ಯಾರು ನನ್ನ ಮಗಳಿಗೆ ಬೇಡ ಅನ್ನೋಕೆ?

"ನನ್ನ ಮಗಳು ಬಂದೇ ಬರ್ತಾಳೆ! ಎಲ್ಲರಿಗಿಂತ ಮುಂದೆ ನಡೀತಾಳೆ!" ಎಂದು ಗುಡುಗಿದ.

ಸುಬ್ಬು ಶಲ್ಯ ಜಗ್ಗಿದ. "ಲೋ, ಸುಮ್ನೆ ಸಾರಿ ಅಂದ್ಬಿಡೋ. ಒಂದು ಸಾರಿಗೆ ಏನು ಗಂಟು ಹೋಗುತ್ತೆ? ಒಳಗೆ ಪುಳಿಯೋಗರೆ ಆರಿಹೋಗ್ತಿದೆ."

"ಮಾಡದ ತಪ್ಪಿಗೆ ಸಾರಿ ಯಾಕೋ ಹೇಳ್ಬೇಕು? ಈ ಬೀದೀಲಿ ನಮ್ಮದೊಂದೇ ಕಂದು ಮುಖ ಅಂತಲಾ? ಇವತ್ತು ತಲೆ ತಗ್ಗಿಸಿದ್ರೆ ನನ್ನ ಮಗಳು ಜನ್ಮವಿಡೀ ತಗ್ಗಿಸಬೇಕು. ಆಗೋದಿಲ್ಲ!" ಎಂದವನೇ ಮಗಳ ಕಡೆ ತಿರುಗಿದ. "ವಿಜಿ, ಬಾ ಇಲ್ಲಿ. ನನ್ನ ಪಕ್ಕ ನಿಂತ್ಕೋ. ನಾವು ಯಾರಿಗೂ ಹೆದರಬೇಕಾಗಿಲ್ಲ. ನಿಜ ಹೇಳೋರಿಗೆ ಎಂಥ ಭಯ?"

ವಿಜಿ ಬಂದು ಅಪ್ಪನ ಕೈ ಹಿಡಿದು ನಿಂತಳು. ಮಗಳ ಕೈ ತಣ್ಣಗಿತ್ತು. ಬೋರಲಿಂಗಯ್ಯನಿಗೆ ಇನ್ನಷ್ಟು ರೋಷ ಬಂತು.

ಎಂಜಿನಿಯರನ ತಲೆ ಓಡತೊಡಗಿತು. ಪಂಚೆ ಮೇಲಕ್ಕೆ ಕಟ್ಟಿ, ತನ್ನ ಕುಂಬಳಕಾಯಿಯ ಒಂದು ಹೋಳು ಎತ್ತಿಕೊಂಡ. ಸೀದಾ ರಸ್ತೆ ದಾಟಿ ಮಿಸೆಸ್ ಕೊವಾಲ್ಸ್ಕಿಯ ಮೆಟ್ಟಿಲಿನಿಂದ ಅವಳದೊಂದು ಹೋಳು ತಂದ. ಎರಡನ್ನೂ ಫ್ರ್ಯಾಂಕನ ಮೂಗಿನ ಕೆಳಗೆ ಹಿಡಿದ.

"ನೋಡು ಫ್ರ್ಯಾಂಕ್. ಇದು ನಂದು. ಒಳಗೆ ತಿರುಳಿದೆ, ಬೀಜ ಇದೆ. ಇದು ಅವಳದು. ಒಳಗೆಲ್ಲಾ ಕೆರೆದು ನುಣ್ಣಗೆ ಮಾಡಿದೆ, ಮೇಣದಬತ್ತಿ ಹೊಗೆ ಬೇರೆ ಹತ್ತಿದೆ. ಯಾರದಾದ್ರೂ ಮನೆ ಮುಂದೆ ಬೀಜ ಸಮೇತ ಇಡೀ ಕುಂಬಳಕಾಯಿ ಇತ್ತಾ? ಹೇಳಲಿ! ಇದು ನಾನು ತಂದದ್ದು, ನನ್ನ ಕಾರಿಗೆ, ನನ್ನ ದೇವರಿಗೆ. ಕದ್ದು ಒಡೆಯೋನು ಮನೆ ಮುಂದೆ ಹಾರ ಹಾಕಿ, ಗಂಟೆ ಬಾರಿಸಿ ಒಡೀತಾನಾ?"

ಫ್ರ್ಯಾಂಕ್ ಎರಡೂ ಹೋಳುಗಳನ್ನು ತಿರುಗಿಸಿ ನೋಡಿದ. ಒಂದು ಬೀಜ ಬಾಯಿಗೂ ಹಾಕಿಕೊಂಡ. "ಹೀ ಹ್ಯಾಸ್ ಎ ಪಾಯಿಂಟ್" ಎಂದ.

ಜನ ಗುಸುಗುಸು ಅಂದರು. ಯಾರೋ ಮೇಲಿನ ಬೀದಿಯ ಹೈಸ್ಕೂಲ್ ಹುಡುಗರ ಹೆಸರು ಎತ್ತಿದರು. ಮಿಸೆಸ್ ಕೊವಾಲ್ಸ್ಕಿ ಕೂದಲ ಸುರುಳಿಯೊಂದನ್ನು ಸರಿಮಾಡಿಕೊಂಡು ಮುಂದೆ ಬಂದಳು. ಕೆಟ್ಟವಳೇನಲ್ಲ, ಬಾಯಿ ಸ್ವಲ್ಪ ಮುಂದೆ ಅಷ್ಟೆ. "ತಪ್ಪಾಯ್ತು. ದುಡುಕಿದೆ. ವಿಜಿ ಮೆರವಣಿಗೆಗೆ ಖಂಡಿತ ಬರಲಿ" ಎಂದಳು.

ಇಲ್ಲಿಗೆ ಮುಗಿಸಿದ್ದರೆ ಬೋರಲಿಂಗಯ್ಯ ಅವತ್ತು ರಾಜನ ಹಾಗೆ ಒಳಗೆ ಹೋಗಿ ಪುಳಿಯೋಗರೆ ಉಣ್ಣಬಹುದಿತ್ತು. ಸುಬ್ಬು ಆಗಲೇ ಬಾಗಿಲ ತನಕ ಹೋಗಿದ್ದ. ಆದರೆ ಗೆದ್ದ ಮೇಲೆ ಸುಮ್ಮನಿರುವುದು ಬೋರಲಿಂಗಯ್ಯನ ವಂಶದಲ್ಲೇ ಇಲ್ಲ.

"ಹಾಗಲ್ಲ! ಆಗ ಒಂದು ಕಾನೂನು ಹೇಳಿದ್ರಲ್ಲ, ಅದನ್ನ ವಾಪಸ್ ತಗೋಬೇಡಿ. ಒಳ್ಳೇ ಕಾನೂನು! ಒಡೆದೋರು ಯಾರ ಮನೆಯವರೇ ಆಗಿರಲಿ, ಆ ಮನೆಯಿಂದ ಒಂದು ಪಿಳ್ಳೇನೂ ಇವತ್ತು ಮೆರವಣಿಗೆಗೆ ಬರಕೂಡದು. ಇಡೀ ಬೀದಿ ಆ ಮನೆ ಯಜಮಾನನೇ ಗುಡಿಸಬೇಕು. ಒಪ್ಪಿಗೆಯಾ? ಕೈ ಕೊಡಿ!"

ಸುಧಾಮಣಿ ಹಿಂದಿನಿಂದ "ರೀ, ಸಾಕು ಬನ್ನೀ" ಅಂದಳು. ಕೇಳಿಸಿಕೊಳ್ಳಬೇಕಲ್ಲ! ಮಿಸೆಸ್ ಕೊವಾಲ್ಸ್ಕಿ ಕೈ ಕೊಟ್ಟಳು. ಬೋರಲಿಂಗಯ್ಯ ಅದನ್ನು ಹಿಡಿದು ಜೋರಾಗಿ ಕುಲುಕಿದ. ಬೀದಿಯವರು ಚಪ್ಪಾಳೆ ತಟ್ಟಿದರು.

ಆ ಗಲಾಟೆಗೆ ನಿಂಗಮ್ಮನಿಗೆ ಎಚ್ಚರವಾಯಿತು. ಸೀರೆಯ ಮೇಲೆ ಮಗನ ಚಳಿ ಕೋಟು, ಕಾಲಿಗೆ ಉಣ್ಣೆ ಕಾಲುಚೀಲ, ಅದರ ಮೇಲೆ ಹವಾಯಿ ಚಪ್ಪಲಿ. ಬಾಗಿಲು ತೆಗೆದು ಹೊರಗೆ ಬಂದು ಸೇರಿದ ಜನವನ್ನೆಲ್ಲಾ ಕಣ್ಣರಳಿಸಿ ನೋಡಿದರು. ಅಲ್ಲಲ್ಲಿ ಬಿದ್ದಿದ್ದ ಹೋಳುಗಳನ್ನು ನೋಡಿ ಮುಖ ಕಿವುಚಿದರು.

"ಇದೇನೋ ಮಗಾ, ಇನ್ನೂ ಗುಡಿಸಿಲ್ವಾ ಇವರು? ಒಡೆಯೋದೂ ನಾನೇ, ಗುಡಿಸೋದೂ ನಾನೇ ಅಂದ್ರೆ ಹೆಂಗೆ?"

ಬೋರಲಿಂಗಯ್ಯನ ಕೈ ಇನ್ನೂ ಮಿಸೆಸ್ ಕೊವಾಲ್ಸ್ಕಿಯ ಕೈಯಲ್ಲೇ ಇತ್ತು. "ಅಮ್ಮಾ... ಏನಂದೆ?"

"ಅಯ್ಯೋ, ಬೆಳಿಗ್ಗೆ ಬೇಗ ಎಚ್ಚರ ಆಯ್ತಪ್ಪಾ. ಸುಮ್ನೆ ಒಂದು ಸುತ್ತು ಹೋದೆ. ನೋಡ್ತೀನಿ, ಪ್ರತಿಯೊಬ್ಬರ ಮನೆ ಮುಂದೇನೂ ದೃಷ್ಟಿ ಕುಂಬಳಕಾಯಿ! ಕಣ್ಣು, ಮೂಗು, ಕೋರೆಹಲ್ಲು ಎಷ್ಟು ಚೆನ್ನಾಗಿ ಕೊರೆದವ್ರೆ, ಒಳಗೆ ದೀಪ ಬೇರೆ. ಆದ್ರೆ ಒಬ್ಬರಾದ್ರೂ ಒಡೆದವ್ರಾ? ಇಲ್ಲ! ಹಂಗೇ ಬಿಟ್ರೆ ದೃಷ್ಟಿಯೆಲ್ಲಾ ಮನೆಗೇ ತಿರುಗುತ್ತೆ ಅಂತ ಹೇಳೋರು ಯಾರೂ ಇಲ್ವೇನೋ ಪಾಪ. ಕಾರು ಇಟ್ಕೊಂಡಿರೋ ಜನ. ಅದಕ್ಕೆ ನಾನೇ ಒಂದೊಂದಾಗಿ ನಿವಾಳಿಸಿ ಒಡೆದೆ. ಕುಂಕುಮ ಮಾತ್ರ ಹಾಕಲಿಲ್ಲ, ನಮ್ಮ ಕಾರಿಗೇ ಇರಲಿ ಅಂತ. ಸೊಂಟ ಹಿಡ್ಕೊಂಡುಬಿಡ್ತು ಕಣಪ್ಪಾ!"

ಸುಬ್ಬು ಬಾಗಿಲ ಚೌಕಟ್ಟು ಹಿಡಿದುಕೊಂಡ. ಸುಧಾಮಣಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ವಾಟ್ ಈಸ್ ಗ್ರ್ಯಾಂಡ್‌ಮಾ ಸೇಯಿಂಗ್?" ಎಂದಳು ಮಿಸೆಸ್ ಕೊವಾಲ್ಸ್ಕಿ, ನಗುನಗುತ್ತಾ, ವಿಜಿಯ ಕಡೆ ಬಗ್ಗಿ.

"ವಿಜಿ!" ಬೋರಲಿಂಗಯ್ಯ ಹಲ್ಲು ಕಚ್ಚಿ ಕನ್ನಡದಲ್ಲಿ ಉಸುರಿದ. "ಏನಾದ್ರೂ ಬೇರೆ ಹೇಳು. ಚಳಿ ಜಾಸ್ತಿ ಅಂತಿದಾರೆ ಅನ್ನು!"

ವಿಜಿ ಅಪ್ಪನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. "ಬಟ್ ಅಪ್ಪಾ, ಯು ಸೆಡ್ ವಿ ಆರ್ ನಾಟ್ ಸ್ಕೇರ್ಡ್" ಎಂದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ, ಅಜ್ಜಿ ಹೇಳಿದ್ದನ್ನೆಲ್ಲಾ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿಬಿಟ್ಟಳು. ಕೊನೆಗೆ ಕಣ್ಣೀರು ಕೆನ್ನೆಗಿಳಿಯಿತು. "ಸೋ ಐ ಕಾಂಟ್ ಕಮ್ ಟು ದಿ ಪೆರೇಡ್."

ಮೊದಲು ನಕ್ಕವನು ಫ್ರ್ಯಾಂಕ್. ಎಲೆ ಕುಂಟೆಗೆ ಆತುಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಮಿಸೆಸ್ ಕೊವಾಲ್ಸ್ಕಿ ನಗಬಾರದು ಅಂತ ತುಟಿ ಕಚ್ಚಿಕೊಂಡಳು. ಆಗಲಿಲ್ಲ. ನಿಂಗಮ್ಮನ ಎರಡೂ ಕೈ ಹಿಡಿದು "ಥ್ಯಾಂಕ್ಯೂ, ಗ್ರ್ಯಾಂಡ್‌ಮಾ" ಎಂದಳು. ವಿಜಿಯ ಕೆನ್ನೆ ಒರೆಸಿ, "ಮಗು ಯಾಕೆ ಬರಬಾರದು? ನಿಜ ಹೇಳಿದವಳು ಎಲ್ಲರಿಗಿಂತ ಮುಂದೆ ನಡೀಲಿ. ಗ್ರ್ಯಾಂಡ್‌ಮಾನೂ ಬರಲಿ" ಎಂದಳು. ಆಮೇಲೆ ಬೋರಲಿಂಗಯ್ಯನ ಕಡೆ ತಿರುಗಿ ಹೇಳಿದಳು: "ನಿಮ್ಮ ಕಾನೂನಿನ ಎರಡನೇ ಅರ್ಧ ಮಾತ್ರ ಹಾಗೇ ಇರಲಿ."

ಫ್ರ್ಯಾಂಕ್ ಗರಾಜಿನಿಂದ ಪೊರಕೆ ತಂದುಕೊಟ್ಟ.

"ಗುಡಿಸ್ತೀನಿ!" ಎಂದ ಬೋರಲಿಂಗಯ್ಯ, ತಲೆ ಎತ್ತಿಕೊಂಡೇ. "ಕೈ ಕೊಟ್ಟಿದೀನಿ, ಗುಡಿಸ್ತೀನಿ. ಆದ್ರೆ ಸಾರಿ ಮಾತ್ರ ಕೇಳಬೇಡಿ. ನನ್ನ ತಾಯಿ ನಿಮಗೆಲ್ಲಾ ಒಳ್ಳೇದು ಮಾಡೋಕೆ ಸೊಂಟ ಮುರ್ಕೊಂಡಿದಾರೆ!"

ಒಣಗಿದ ಕುಂಬಳಕಾಯಿ ತಿರುಳು ಕಾಂಕ್ರೀಟು ಬಿಟ್ಟು ಬರುವುದಿಲ್ಲ ಅನ್ನುವುದು ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ. ಮಧ್ಯಾಹ್ನ ಮೆರವಣಿಗೆ ಹೊರಟಾಗ ಅವನಿನ್ನೂ ಮೊಣಕಾಲೂರಿ ಮಿಸೆಸ್ ಕೊವಾಲ್ಸ್ಕಿಯ ಮೆಟ್ಟಿಲು ತಿಕ್ಕುತ್ತಿದ್ದ. ಎಲ್ಲರಿಗಿಂತ ಮುಂದೆ ಕಪ್ಪು ನಿಲುವಂಗಿಯ ವಿಜಿ, ಅವಳ ಕೈ ಹಿಡಿದು ನಿಂಗಮ್ಮ. ಮಗಳು ತಲೆ ತಗ್ಗಿಸದೆ ನಡೆಯುವುದನ್ನು ನೋಡಿ ಬೋರಲಿಂಗಯ್ಯನಿಗೆ ಎದೆ ತುಂಬಿಬಂತು. ಮೇಲಿನ ಬೀದಿಯಿಂದ ನೋಡಲು ಬಂದ ಮುದುಕನೊಬ್ಬ ಅವನ ಪಂಚೆ, ಹಣೆಯ ಕುಂಕುಮ, ಕೈಯಲ್ಲಿದ್ದ ಪೊರಕೆ ಎಲ್ಲವನ್ನೂ ಮೆಚ್ಚಿ ನೋಡಿ, "ಚೆನ್ನಾಗಿದೆ! ಯಾವ ವೇಷ ಇದು?" ಎಂದು ಕೇಳಿದ.

"ಎಂಜಿನಿಯರ್!" ಎಂದು ಗದರಿದ ಬೋರಲಿಂಗಯ್ಯ.

ಹೊತ್ತು ಇಳಿಯುವ ಹೊತ್ತಿಗೆ ಅಜ್ಜಿ ಮೊಮ್ಮಗಳು ಮನೆಮನೆ ಸುತ್ತಿ ವಾಪಸು ಬಂದರು. ನಿಂಗಮ್ಮನ ಮಡಿಲ ತುಂಬಾ ಬಣ್ಣಬಣ್ಣದ ಮಿಠಾಯಿ. ಮುಖ ಅರಳಿಹೋಗಿತ್ತು.

"ಎಂಥಾ ಒಳ್ಳೇ ಜನ ಕಣೋ ಇವರು! ಉಪಕಾರ ಮರೆಯೋರಲ್ಲ. ಒಂದು ಮನೆ ಬಿಡದಂಗೆ ಬಾಗಿಲು ತೆಗೆದು, ನಗುನಗುತ್ತಾ ಕೈತುಂಬಾ ಸಿಹಿ ಕೊಟ್ರು. ಒಡೆದಿದ್ದಕ್ಕೆ ಇಷ್ಟು ಮರ್ಯಾದೆ ನಮ್ಮ ಮಂಡ್ಯದಲ್ಲೂ ಯಾರೂ ಮಾಡಿಲ್ಲ. ಬರೋ ವರ್ಷಾನೂ ಬಂದು ಒಡೆದುಕೊಡ್ತೀನಿ ಅಂತ ಹೇಳಿ ಬಂದಿದೀನಿ" ಎಂದರು. ಆಮೇಲೆ ಮಗನನ್ನು ಮೇಲಿಂದ ಕೆಳಗೆ ನೋಡಿ, ಮರುಕದಿಂದ ಕೇಳಿದರು: "ನೀನೂ ಒಂದು ಒಡೆದೆಯಲ್ಲಪ್ಪಾ. ನಿಂಗೇನು ಕೊಟ್ರು?"

ಬೋರಲಿಂಗಯ್ಯ ಪೊರಕೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಫ್ರ್ಯಾಂಕನ ಮನೆಯ ಕಡೆ ನಡೆದ. ಅಲ್ಲಿ ಇನ್ನೂ ಗುಡಿಸುವುದಿತ್ತು.