ನಾನು ಊರು ತೋರಿಸಿದ ಭಾನುವಾರ

ಹೆಂಡತಿಯ ಕಾಲು ಉಳುಕಿತು, ನನ್ನ ನಾಲಿಗೆ ಜಾರಿತು. ಎರಡೂ ಒಂದೇ ಸಂಜೆ ಆದದ್ದು.

ಪರದೇಶದಿಂದ ಬಂದ ವಿದ್ಯಾರ್ಥಿಗಳಿಗೆ ನಮ್ಮ ಭಾಷೆ ಕಲಿಸುವುದು ಅವಳ ಕೆಲಸ. ಭಾನುವಾರ ಅವರಿಗೆ ಊರು ತೋರಿಸಿ, ಮಧ್ಯಾಹ್ನದ ರೈಲಿನಲ್ಲಿ ಊರಾಚೆಯ ದೊಡ್ಡ ಕೆರೆಗೆ ಕರೆದೊಯ್ಯಬೇಕೆಂದು ನಿಗದಿಯಾಗಿತ್ತು. ಶನಿವಾರ ಕಿಟಕಿಯ ಪರದೆ ಬದಲಿಸಲು ಸ್ಟೂಲು ಹತ್ತಿದವಳು ಇಳಿಯುವಾಗ ಪಾದ ಹೊರಳಿಸಿಕೊಂಡಳು. ಕಾಲಿಗೆ ಬಟ್ಟೆ ಸುತ್ತಿಕೊಂಡು "ಟ್ರಿಪ್ ಮುಂದಕ್ಕೆ ಹಾಕ್ಬೇಕು" ಎನ್ನುವಷ್ಟರಲ್ಲಿ ನಾನು ಎದೆಯುಬ್ಬಿಸಿ ಎದ್ದು ನಿಂತೆ.

"ಯಾಕೆ ಮುಂದಕ್ಕೆ? ನಾನಿಲ್ವಾ? ಈ ಊರಲ್ಲೇ ಹುಟ್ಟಿ ಬೆಳೆದವನು. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ರೂ ಮನೆ ಸೇರ್ಕೋತೀನಿ."

"ಕಣ್ಣು ಬಿಟ್ಕೊಂಡು ಹೋದಾಗ್ಲೇ ಸೇರಲ್ಲ. ಮೊನ್ನೆ ನನ್ನ ತಂಗಿ ಮನೆಗೆ ಅಂತ ಹೋಗಿ ಯಾರ ಮನೇಲೋ ಕಾಫಿ ಕುಡ್ದು ಬಂದ್ರಲ್ಲ."

"ಅವರೇ ಕರೆದು ಕೂರಿಸಿದ್ರು. ನಿನ್ನ ತಂಗಿ ಯಾವತ್ತು ಹಾಗೆ ಕೂರಿಸಿದ್ದಾಳೆ?"

"ರೀ, ಅವರೆಲ್ಲ ಹೆರವರ ಮಕ್ಕಳು. ಒಬ್ಬರು ಕಳೆದುಹೋದ್ರೂ ನನ್ನ ಕೆಲಸಕ್ಕೆ ಕುತ್ತು."

ಕೂದಲೂ ಕೊಂಕದಂತೆ ಕರೆತರುತ್ತೇನೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ. ಅವಳು ನನ್ನ ಬೋಳುತಲೆಯನ್ನೊಮ್ಮೆ ನೋಡಿದಳು. ನಿಮ್ಮ ಕೂದಲನ್ನೇ ಉಳಿಸಿಕೊಳ್ಳಲಿಲ್ಲ ಎಂಬುದು ಆ ನೋಟದ ಅರ್ಥ. ಆದರೂ ಕೊನೆಗೆ ಒಪ್ಪಿದಳು.

ಮರುದಿನ ಕೆಂಪು ಕೊಡೆಯೊಂದನ್ನು ರಾಜದಂಡದಂತೆ ಎತ್ತಿ ಹಿಡಿದು ಮುಂದೆ ನಾನು, ಹಿಂದೆ ವಿದ್ಯಾರ್ಥಿಗಳ ದಂಡು. ಅವರ ಉತ್ಸಾಹ ನೋಡಬೇಕಿತ್ತು. ಪಾರಿವಾಳ ಹಾರಿದರೂ ಫೋಟೋ, ಹಣ್ಣಿನವನು ಕೂಗಿದರೂ ಫೋಟೋ. ನನಗೂ ಹುರುಪೇರಿತು. ಗಡಿಯಾರದ ಗೋಪುರದ ಕೆಳಗೆ ನಿಂತು, ಎಲ್ಲಿಗೆ ಹೊರಟರೂ ತಡಮಾಡುವ ರಾಣಿಗೋಸ್ಕರ ಒಬ್ಬ ರಾಜ ಇದನ್ನು ಕಟ್ಟಿಸಿದನೆಂದು ಕಥೆ ಹೊಸೆದೆ. ಎತ್ತರದ ಹುಡುಗಿಯೊಬ್ಬಳು ಗೋಡೆಯ ಕಲ್ಲನ್ನು ನಿಧಾನವಾಗಿ ಓದಿ, ಕೈಯೆತ್ತಿದಳು. ನನ್ನ ಹೆಂಡತಿ ಕಲಿಸಿದ ಶುದ್ಧ ಪುಸ್ತಕದ ಭಾಷೆ ಅವಳದು.

"ಮಾನ್ಯರೇ, ಕ್ಷಮಿಸಬೇಕು. ಊರಿನಲ್ಲಿ ಬೆಂಕಿ ಬಿದ್ದರೆ ನೋಡುವುದಕ್ಕಾಗಿ ಇದನ್ನು ಕಟ್ಟಲಾಯಿತು ಎಂದು ಇಲ್ಲಿ ಬರೆದಿದೆ."

"ರಾಣಿ ತಡ ಮಾಡಿದ್ರೆ ರಾಜನಿಗೆ ಹೊಟ್ಟೆ ಉರೀತಿತ್ತಮ್ಮ. ಅದೂ ಬೆಂಕಿನೇ" ಎಂದೆ.

ಎಲ್ಲರೂ ನಕ್ಕರು. ಗೆದ್ದೆ ಎಂದುಕೊಂಡು ರೈಲು ನಿಲ್ದಾಣಕ್ಕೆ ಹೊರಟೆ.

ಅಲ್ಲಿ ಜನವೋ ಜನ. ಗುಂಪಿನ ಫೋಟೋ ತೆಗೆಯಲೆಂದು ಎತ್ತರದ ಹುಡುಗಿ ನನ್ನ ಫೋನು ಇಸಿದುಕೊಂಡಳು. ಅಷ್ಟರಲ್ಲಿ ಎದುರಿನ ಹಳಿಯ ಮೇಲೆ ಖಾಲಿ ರೈಲೊಂದು ಕಂಡಿತು. ಬೋಗಿಗೆ ಬೋಗಿಯೇ ಖಾಲಿ. ಎಲ್ಲರೂ ಕುರಿಗಳಂತೆ ಇತ್ತ ನಿಂತಿದ್ದಾರಲ್ಲ, ಈ ರೈಲು ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ ಎಂದು ನನ್ನ ಜಾಣತನಕ್ಕೆ ನಾನೇ ಬೆರಗಾದೆ. "ನನ್ನ ಹಿಂದೆ ಬನ್ನಿ" ಎಂದು ಗರ್ಜಿಸಿ, ಕೊಡೆಯೆತ್ತಿ ಹಾರಿ ಹತ್ತಿದೆ. ಬಾಗಿಲು ಮುಚ್ಚಿಕೊಂಡಿತು. ರೈಲು ಹೊರಟಿತು. ತಿರುಗಿ ನೋಡಿದರೆ ನನ್ನ ಹಿಂದೆ ಇದ್ದದ್ದು ಬರೀ ಸೀಟುಗಳು. ವಿದ್ಯಾರ್ಥಿಗಳು ಪ್ಲಾಟ್‌ಫಾರಂ ಮೇಲೆ ನಿಂತು ನನಗೆ ಟಾಟಾ ಮಾಡುತ್ತಿದ್ದರು. ಇದೂ ಕಾರ್ಯಕ್ರಮದ ಭಾಗವೆಂದು ತಿಳಿದಿದ್ದರೋ ಏನೋ.

ಬಾಗಿಲು ಬಡಿದೆ, ತೆರೆಯಲಿಲ್ಲ. ಊರು ತಿಳಿಯದ ಮಕ್ಕಳು ಆ ಜನಸಾಗರದಲ್ಲಿ. ಫೋನೂ ಅವರ ಹತ್ತಿರ. ಹೆಂಡತಿಯ ಕೆಲಸ ಹೋದ ಹಾಗೆಯೇ. ಅವಳು ಕುಂಟುತ್ತ ನನ್ನ ಮುಂದೆ ಬಂದು ನಿಂತು ಏನೂ ಮಾತಾಡದೆ ನೋಡುವ ಚಿತ್ರ ಕಣ್ಣಿಗೆ ಕಟ್ಟಿತು. ಬೈದರೆ ತಡೆದುಕೊಳ್ಳಬಹುದು, ಆ ಮೌನ ಆಗದು.

ಇಷ್ಟರಲ್ಲಿ ರೈಲು ನಿಧಾನವಾಗಿ ಒಂದು ಶೆಡ್ಡಿನೊಳಗೆ ನುಗ್ಗಿತು. ಅದು ಸ್ನಾನಕ್ಕೆ ಹೊರಟ ರೈಲೆಂದು ಆಗ ತಿಳಿಯಿತು. ಎರಡೂ ಕಡೆಯಿಂದ ಆನೆಗಾತ್ರದ ಬ್ರಶ್ಶುಗಳು ಗರಗರ ತಿರುಗತೊಡಗಿದವು. ಒಂದು ಕಿಟಕಿ ಮುಚ್ಚುವಷ್ಟರಲ್ಲಿ ಇನ್ನೊಂದರಿಂದ ಸೋಪಿನ ನೀರು ರಾಚಿತು. ಕೆರೆ ನೋಡಲು ಹೊರಟವನನ್ನು ಕೆರೆಯೇ ಹುಡುಕಿಕೊಂಡು ಬಂದಿತ್ತು. ಬೇರೆ ದಾರಿಯಿಲ್ಲದೆ ಬೋಗಿಯೊಳಗೇ ಕೊಡೆ ಬಿಚ್ಚಿ ಕೂತೆ.

ನೀರು ನಿಂತ ಮೇಲೆ ಶೆಡ್ಡಿನ ಹೆಂಗಸೊಬ್ಬಳು ಬಾಗಿಲು ತೆಗೆದಳು. "ಯಾರ್ರೀ ಅದು, ಒಳಗಡೆ ಕೊಡೆ ಹಿಡ್ಕೊಂಡು ಕೂತಿರೋದು?"

"ನಾನು ಗೈಡು."

"ಯಾರಿಗೆ?"

ಉತ್ತರಿಸಲು ಬಾಯಿ ತೆರೆದೆ, ನೊರೆ ಬಂತು. ಅವಳು ಬಿದ್ದು ಬಿದ್ದು ನಕ್ಕು, ಸಾಮಾನು ಸಾಗಿಸುವ ಗಾಡಿಯೊಂದರಲ್ಲಿ ನನ್ನನ್ನು ಹತ್ತಿಸಿ ನಿಲ್ದಾಣಕ್ಕೆ ಕಳಿಸಿದಳು.

ನಿಲ್ದಾಣ ಹತ್ತಿರವಾಗುತ್ತಿದ್ದಂತೆ ಧ್ವನಿವರ್ಧಕ ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ. ಬೋಳುತಲೆಯ, ಹಸಿರು ಅಂಗಿಯ, ಕೈಯಲ್ಲಿ ಕೆಂಪು ಕೊಡೆಯಿರುವ ಹಿರಿಯರೊಬ್ಬರು ಕಾಣೆಯಾಗಿದ್ದಾರೆ. ಕಂಡವರು ದಯವಿಟ್ಟು ಅವರನ್ನು ಸಮಾಧಾನಪಡಿಸಿ ಸ್ಟೇಷನ್ ಮಾಸ್ಟರರ ಕೋಣೆಗೆ ಕರೆತನ್ನಿ."

ಪ್ಲಾಟ್‌ಫಾರಮ್ಮಿಗೆ ಪ್ಲಾಟ್‌ಫಾರಮ್ಮೇ ನನ್ನತ್ತ ತಿರುಗಿತು. ಯಾರೋ ಅಜ್ಜಿ "ಹೆದರ್ಬೇಡಪ್ಪ" ಎಂದು ಕೈ ಹಿಡಿದು ನಡೆಸಿಕೊಂಡು ಹೋದರು. ಕೋಣೆಯಲ್ಲಿ ವಿದ್ಯಾರ್ಥಿಗಳು ಆರಾಮವಾಗಿ ಬಾಳೆಹಣ್ಣು ತಿನ್ನುತ್ತಿದ್ದರು. ಒಬ್ಬರೂ ಕಡಿಮೆಯಿರಲಿಲ್ಲ. ಮುಂದಿನ ರೈಲಿನ ಟಿಕೆಟ್ಟನ್ನು ತಾವೇ ವಿಚಾರಿಸಿ ತೆಗೆದುಕೊಂಡಿದ್ದರು, ನನಗೂ ಸೇರಿಸಿ. ಅವರನ್ನು ಕಂಡ ಖುಷಿಗೆ ಅಪ್ಪಿಕೊಳ್ಳಲು ಹೋದೆ. ಸೋಪಿನಿಂದ ಜಾರಿದೆ.

ಕೆರೆ ಸೊಗಸಾಗಿತ್ತು. ದೋಣಿಯಲ್ಲಿ ಎಲ್ಲರೂ ತಂತಮ್ಮ ದೇಶದ ಹಾಡು ಹೇಳಿದರು, ನಾನೂ ಕಂಠ ಸೇರಿಸಿದೆ. ಎತ್ತರದ ಹುಡುಗಿ ಮಾತ್ರ ಉದ್ದಕ್ಕೂ ನನ್ನ ಅಂಗಿಯ ತುದಿ ಹಿಡಿದೇ ಇದ್ದಳು.

ಸಂಜೆ ಎಲ್ಲರೂ ನನ್ನನ್ನು ಮನೆಬಾಗಿಲಿಗೆ ತಲುಪಿಸಿ ಹೋದ ಮೇಲೆ ಹೆಂಡತಿಯ ಮುಂದೆ ಮೀಸೆ ತಿರುವಿದೆ.

"ನೋಡಿದ್ಯಾ? ಒಬ್ಬರೂ ಕಳೆದುಹೋಗಿಲ್ಲ."

"ಗೊತ್ತು. ಸ್ಟೇಷನ್‌ನಿಂದ್ಲೇ ಫೋನ್ ಮಾಡಿದ್ರು" ಎಂದಳು, ಉಳುಕಿದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಳ್ಳುತ್ತ. "ಇವತ್ತು ಅವರಿಗೆ ಮಾತಿನ ಪರೀಕ್ಷೆ ಇತ್ತು. ಊರೇ ಗೊತ್ತಿಲ್ಲದ ಒಬ್ಬ ಮನುಷ್ಯನ್ನ ಊರೆಲ್ಲ ಸುತ್ತಿಸಿ, ದಾರೀಲಿ ನಮ್ಮ ಭಾಷೇಲೇ ವ್ಯವಹಾರ ಮಾಡಿ, ಜೋಪಾನವಾಗಿ ಮನೆಗೆ ತಂದುಬಿಡ್ಬೇಕು ಅಂತ ಬೆಳಿಗ್ಗೆನೇ ಹೇಳಿದ್ದೆ."

ಮೀಸೆಯಿಂದ ಕೈ ಇಳಿಸಿದೆ. ಆಮೇಲೆ ಮೆಲ್ಲಗೆ ಕೇಳಿದೆ, "ಪಾಸಾದ್ರಾ?"

"ಪಾಸು. ಆದ್ರೆ ನಡುವೆ ಒಂದ್ಸಲ ಕಳ್ಕೊಂಡ್ರಲ್ಲ, ಅದಕ್ಕೆ ಮಾರ್ಕ್ಸ್ ಕಳೀತೀನಿ."

"ಪಾಪ ಕಣೇ, ಕಳೀಬೇಡ" ಎಂದು ನಾನೇ ಅಂಗಲಾಚಿದೆ. "ಅವರು ಚೆನ್ನಾಗೇ ನೋಡ್ಕೊಂಡ್ರು. ನಾನೇ ಕೈ ಬಿಡಿಸ್ಕೊಂಡು ಓಡಿದ್ದು."