ಸೂತಕವಿಲ್ಲದ ಹಬ್ಬ

ನನ್ನ ಸೋದರತ್ತೆಯನ್ನು ಪೊಲೀಸ್ ಇಲಾಖೆಯವರು ಇನ್ನೂ ಯಾಕೆ ಕೆಲಸಕ್ಕೆ ಕರೆದಿಲ್ಲ ಎಂಬುದು ನಮ್ಮ ಮನೆತನದಲ್ಲಿ ಯಾರಿಗೂ ಬಗೆಹರಿಯದ ಪ್ರಶ್ನೆ. ಅವಳ ಎದುರು ಅರ್ಧ ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂತವರು ತಮ್ಮ ಮುತ್ತಜ್ಜನ ಗುಟ್ಟನ್ನೂ ಬಿಟ್ಟುಕೊಟ್ಟೇ ಏಳುವುದು! ಅತ್ತೆ ಗದರುವುದಿಲ್ಲ, ಗಂಟು ಬೀಳುವುದಿಲ್ಲ. ಬರೀ "ಅಂಗಾ? ಆಮೇಲೆ?" ಅನ್ನುತ್ತಾಳೆ, ಅಷ್ಟೆ.

ಒಮ್ಮೆ ಯಾರೋ ತಪ್ಪಿ ಅತ್ತೆಯ ನಂಬರಿಗೆ ಫೋನ್ ಮಾಡಿದರು. "ಸಾ, ನಮ್ ಮೋಟ್ರು ರಿಪೇರಿ ಆಯ್ತಾ?" ನೀವು, ನಾವಾದರೆ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತೇವೆ. ಅತ್ತೆ ಇಡುತ್ತಾಳೆಯೇ? "ಯಾಕಪ್ಪಾ, ಏನಾಗಿತ್ತು ಮೋಟ್ರಿಗೆ?" ಎಂದಳು. ಆ ಬಡಪಾಯಿ ದಂಡಿಗನಹಳ್ಳಿ ಕಡೆಯ ರೈತ. ಮೋಟರಿನಿಂದ ಹೊರಟ ಮಾತು ತೆಂಗಿನ ನುಸಿರೋಗಕ್ಕೆ ಹೋಗಿ, ಅಲ್ಲಿಂದ ಅವನ ತಮ್ಮನ ಜಗಳಕ್ಕೆ ಹಾದು, ಮಗಳಿಗೆ ಗಂಡು ಸಿಗುತ್ತಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಬೇಸಿಗೆಯಲ್ಲಿ ಆ ಹುಡುಗಿಗೂ ಅತ್ತೆಯ ತವರೂರು ಹಳೇಕೋಟೆಯ ಒಬ್ಬ ಹುಡುಗನಿಗೂ ಮದುವೆ ಆಯಿತು. ನಾನೂ ಹೋಗಿ ಉಂಡು ಬಂದೆ. ಮೋಟರು ಏನಾಯಿತೋ ಇವತ್ತಿಗೂ ಗೊತ್ತಿಲ್ಲ.

ಅತ್ತೆ, ಮಾವ ಇಬ್ಬರೂ ಹಾಸನದ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದರು. ಮಕ್ಕಳಿರಲಿಲ್ಲ. ಆ ಕೊರತೆಯೆಲ್ಲ ತೀರುತ್ತಿದ್ದುದು ಗಣೇಶನ ಹಬ್ಬದ ದಿನ. ಬಡಾವಣೆಯ ಮಕ್ಕಳೆಲ್ಲ ಅಕ್ಷತೆ ಹಿಡಿದು "ಗಣೇಶ ಕೂರ್ಸಿದ್ದೀರಾ?" ಎಂದು ಕೇಳುತ್ತ ಮನೆ ಮನೆ ಸುತ್ತುವ ದಿನ ಅದು. ಬೇರೆ ಮನೆಗಳಲ್ಲಿ ಮಕ್ಕಳು ಅಕ್ಷತೆ ಹಾಕಿ, ಕೈಗೆ ಕೊಟ್ಟಿದ್ದು ತಿಂದು ಓಡುತ್ತಿದ್ದರು. ಅತ್ತೆಯ ಮನೆಯಲ್ಲಿ ಮಾತ್ರ ವಿಚಾರಣೆ! ಯಾರ ಮನೆ ಗಣೇಶ ದೊಡ್ಡದು? ಯಾರು ಕಡುಬಿಗೆ ಕಾಯಿ ಕಡಿಮೆ ಹಾಕಿದ್ದಾರೆ? ಮೂಲೆ ಮನೆಯವರು ಈ ಸಲ ಕೂರಿಸಿಲ್ಲವಂತಲ್ಲ, ಯಾಕಂತೆ? ಕೊನೆಗೆ ಹಿಂದಿನಿಂದ ಮಾವ ಬಂದು ಎಲ್ಲರ ಜೇಬಿಗೂ ಚಕ್ಕುಲಿ ತುರುಕಿ, "ಬುಡೇ ಅವ್ರ್ನಾ, ಇನ್ನೂ ಎಷ್ಟೋ ಮನೆ ಸುತ್ಬೇಕು ಪಾಪ" ಎಂದು ಜಾಮೀನು ಕೊಡಿಸುತ್ತಿದ್ದರು. ಇಷ್ಟೆಲ್ಲ ಕಾಟ ಇದ್ದರೂ ಮಕ್ಕಳು ಆ ಮನೆಯನ್ನು ಒಂದು ವರ್ಷವೂ ತಪ್ಪಿಸುತ್ತಿರಲಿಲ್ಲ.

ಹೋದ ಸಂಕ್ರಾಂತಿ ಕಳೆದ ಮೇಲೆ ಮಾವ ತೀರಿಕೊಂಡರು. ಸೂತಕ ಅನ್ನುವುದೇನೋ ಕೆಲವು ದಿನಗಳದ್ದು. ಆದರೆ ನಮ್ಮ ಕಡೆ ಯಜಮಾನ ಹೋದ ಮನೆಯಲ್ಲಿ ವರ್ಷ ತುಂಬುವವರೆಗೂ ಹಬ್ಬವಿಲ್ಲ, ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವಂತಿಲ್ಲ. ಗಣೇಶನ ಹಬ್ಬದ ದಿನ ಮಕ್ಕಳು ಅತ್ತೆಯ ಗೇಟಿನವರೆಗೂ ಬಂದರಂತೆ. ಗುಂಪಿನ ದೊಡ್ಡ ಹುಡುಗಿ ಚಿಕ್ಕವರನ್ನು ತಡೆದು "ಈ ಮನೇಲಿ ಸೂತಕ, ಹೋಗ್ಬಾರ್ದು" ಎಂದು ಮುಂದಕ್ಕೆ ಕರೆದುಕೊಂಡು ಹೋದಳಂತೆ. ಇದನ್ನು ಹೇಳುವಾಗ ಅತ್ತೆ ಅಳಲಿಲ್ಲ. "ಸಂದಾಕೆ ಬೆಳ್ಸವ್ರೆ ಕಣ್ಲಾ, ಶಾಸ್ತ್ರ ಗೊತ್ತದೆ ಮಗೀಗೆ" ಎಂದು ಹೊಗಳಿದಳು. ಮಕ್ಕಳು ಬಾಗಿಲಿಗೆ ಬರಬೇಕು ಎನ್ನುವುದೊಂದು ಬಿಟ್ಟು ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಹೀಗಿರುವಾಗ ಅಕ್ಟೋಬರ್ ತಿಂಗಳಲ್ಲಿ ಬಡಾವಣೆಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಇಂಗ್ಲಿಷ್ ಮೀಡಿಯಂ ಶಾಲೆಯ ಟೀಚರೊಬ್ಬರು ಹಾಕಿದ್ದು. ತಿಂಗಳ ಕೊನೆಯ ದಿನ ಸಂಜೆ ಹ್ಯಾಲೋವೀನ್, ಮಕ್ಕಳು ದೆವ್ವದ ವೇಷ ಹಾಕಿಕೊಂಡು ಬರುತ್ತಾರೆ, ಇಷ್ಟವಿದ್ದವರು ಬಾಗಿಲಿಗೆ ಮೂತಿ ಕೊರೆದ ಕುಂಬಳಕಾಯಿ ಇಟ್ಟು ಸಿಹಿ ಕೊಡಬಹುದು. ಅತ್ತೆ ಫೋನ್ ಹಿಡಿದುಕೊಂಡು ಆಟೋದಲ್ಲಿ ನಮ್ಮ ಮನೆಗೇ ಬಂದಳು.

"ಏನ್ಲಾ ಇದು ಆಲೋವೀನು?"

ನನಗೆ ತಿಳಿದಷ್ಟು ಹೇಳಿದೆ. ಸತ್ತವರೆಲ್ಲ ಆ ರಾತ್ರಿ ತಿರುಗಾಡುತ್ತಾರೆಂದು ಹಳೇ ಕಾಲದವರು ನಂಬಿದ್ದರಂತೆ, ಈಗ ಮಕ್ಕಳು ಮನೆ ಮನೆಗೆ ಹೋಗಿ ಟ್ರಿಕ್ ಆರ್ ಟ್ರೀಟ್ ಅನ್ನುತ್ತಾರಂತೆ, ಸಿಹಿ ಕೊಡದಿದ್ದರೆ ಕೀಟಲೆ ಮಾಡುತ್ತಾರಂತೆ.

"ನಮ್ ಕಾಮನ್ ಹಬ್ಬದಂಗೆ. ಸೌದೆ ಕೊಡ್ದಿದ್ರೆ ಐಕ್ಳು ಬೆರಣಿ ಕದ್ಕೊಂಡು ಓಗವು." ಅತ್ತೆ ಅಸಲು ಪ್ರಶ್ನೆಗೆ ಬಂದಳು. "ಇದು ಹಬ್ಬವೋ, ಅಲ್ವೋ?"

ಹಬ್ಬವಾದರೆ ಅವಳು ಮಾಡುವಂತಿಲ್ಲ. ಅಲ್ಲವಾದರೆ ಮಾಡಬಹುದು. ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದೇ ತಪ್ಪಾಯಿತು. ಗೊತ್ತಿರುವವರ ಹತ್ತಿರ ಕರೆದುಕೊಂಡು ಹೋಗು ಎಂದು ಪಟ್ಟು ಹಿಡಿದಳು.

ಹಾಸನದಲ್ಲಿ ಹ್ಯಾಲೋವೀನ್ ಬಲ್ಲವರನ್ನು ಎಲ್ಲಿಂದ ತರಲಿ? ಅದಕ್ಕೂ ಅತ್ತೆಯೇ ದಾರಿ ಹುಡುಕಿದಳು. ಕೊರವಂಗಲದ ಬೂಚೇಶ್ವರ ದೇವಸ್ಥಾನಕ್ಕೆ ಒಮ್ಮೊಮ್ಮೆ ಫಾರಿನ್ನಿನವರು ಬರುತ್ತಾರಲ್ಲ! ಭಾನುವಾರ ಬೆಳಿಗ್ಗೆಯೇ ಹೋಗಿ ಕಂಬಕ್ಕೆ ಒರಗಿ ಕೂತೆವು. ಅವಳ ಅದೃಷ್ಟವೋ, ಬಂದವರ ಗ್ರಹಚಾರವೋ, ಮಧ್ಯಾಹ್ನದ ಹೊತ್ತಿಗೆ ಒಂದು ವ್ಯಾನಿನ ತುಂಬ ನಾನಾ ದೇಶದವರು ಬಂದಿಳಿದರು. ಶಿಲ್ಪ ನೋಡಲು ಬಂದವರನ್ನು ಅತ್ತೆ ಸಾಲಾಗಿ ಜಗಲಿಯ ಮೇಲೆ ಕೂರಿಸಿದಳು. ಅನುವಾದಕ್ಕೆ ನಾನು.

ಮೊದಲು ಇಂಗ್ಲೆಂಡಿನ ವಯಸ್ಸಾದ ದಂಪತಿ. ತಮಗೆ ಅದೆಲ್ಲ ಹಿಡಿಸುವುದಿಲ್ಲ, ಮಕ್ಕಳು ಬರುವ ಹೊತ್ತಿಗೆ ಮುಂದಿನ ದೀಪ ಆರಿಸಿ ಹಿಂದಿನ ಕೋಣೆಯಲ್ಲಿ ಸದ್ದಿಲ್ಲದೆ ಕೂರುತ್ತೇವೆ ಎಂದು ಅವರು ನಕ್ಕರು. ಅತ್ತೆ ನಗಲಿಲ್ಲ. "ಒಳಗೇ ಇದ್ಕೊಂಡು ಇಲ್ಲ ಅನ್ನಿಸ್ತಾರಾ? ಅದೂ ಮಕ್ಳಿಗೆ?" ಎಂದಳು. ನಾನು ಇದನ್ನು "ನಿಮ್ಮ ಆರೋಗ್ಯ ಚೆನ್ನಾಗಿರಲಿ ಅಂತಿದ್ದಾರೆ" ಎಂದು ಅನುವಾದಿಸಿದೆ.

ಆಸ್ಟ್ರೇಲಿಯಾದ ಯುವಕ, ಅದು ನಮ್ಮದಲ್ಲ, ಅಮೆರಿಕದವರಿಂದ ಅಂಟಿದ ಜಾಡ್ಯ ಎಂದು ಮೂಗು ಮುರಿದ. ಅದೂ ಅಲ್ಲದೆ ಆ ತಿಂಗಳು ಅವರಲ್ಲಿ ವಸಂತವಂತೆ, ದೆವ್ವಗಳು ಬಾಗಿಲು ತಟ್ಟುವಾಗ ಇನ್ನೂ ಬಿಸಿಲು ಇರುತ್ತದಂತೆ. "ಬಿಸ್ಲಲ್ಲಿ ದೆವ್ವವಾ! ಪಾಪ, ನೀರಡ್ಸಿರ್ತವೆ, ಮಜ್ಗೆ ಕೊಡಾಕೇಳು" ಎಂದಳು ಅತ್ತೆ.

ಮೆಕ್ಸಿಕೋದ ಹುಡುಗಿಗೆ ಹ್ಯಾಲೋವೀನ್ ಎಂದರೆ ಸಿಟ್ಟೇ ಬಂತು. ನಮ್ಮದು ಅದಲ್ಲ, ನಾವು ಮನೆಯಲ್ಲಿ ತೀರಿಕೊಂಡವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ಅಡುಗೆ ಮಾಡಿ, ಕುಡಿಯುವವರಾಗಿದ್ದರೆ ಅದನ್ನೂ ಇಟ್ಟು, ಅವರಿಗೆ ದಾರಿ ಗೊತ್ತಾಗಲೆಂದು ಹಳದಿ ಹೂವು ಚೆಲ್ಲುತ್ತೇವೆ ಎಂದಳು. ಫೋನಿನಲ್ಲಿ ಹೂವನ್ನೂ ತೋರಿಸಿದಳು. ಅಪ್ಪಟ ಚೆಂಡು ಹೂವು! ಅತ್ತೆ ಆ ಹುಡುಗಿಯ ಕೈ ಹಿಡಿದುಕೊಂಡುಬಿಟ್ಟಳು.

"ಲೇ, ಇವ್ರು ಇರೀಕ್ರಿಗೆ ಎಡೆ ಇಡ್ತಾರೆ ಕಣ್ಲಾ! ನಮ್ಮೋರೇ! ಯಾವಾಗ ಗುಳೆ ಎದ್ದು ಅಲ್ಲಿಗೋದ್ರಂತೆ, ಕೇಳು."

ಕೊನೆಗೆ ಅಮೆರಿಕದ ಹೆಂಗಸು. ಅವಳೇ ಅತ್ತೆಗೆ ಸರಿಜೋಡಿ. ಬೀದಿ ಬೀದಿಯೇ ಶೃಂಗರಿಸಿಕೊಳ್ಳುವುದು, ಬಕೆಟ್ಟುಗಟ್ಟಲೆ ಚಾಕಲೇಟ್ ಕೊಡುವುದು, ಮಕ್ಕಳು ಮಲಗಿದ ಮೇಲೆ ಅಮ್ಮಂದಿರು ಅದರಲ್ಲಿ ಒಳ್ಳೆಯದನ್ನೆಲ್ಲ ಆರಿಸಿ ತಿನ್ನುವುದು, ಎಲ್ಲವನ್ನೂ ಬಣ್ಣಿಸಿದಳು. ಅತ್ತೆ ತಡೆದು ತಡೆದು ಕೇಳಿದಳು. "ಆ ವರ್ಷ ಮನೇಲಿ ಯಾರಾದ್ರೂ ಓಗಿದ್ರೆ? ಆಗ ಮಕ್ಳು ಬರಂಗಿಲ್ವಾ?"

ಆ ಹೆಂಗಸಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಬಿಡಿಸಿ ಹೇಳಿದೆ. ಅವಳು ಅತ್ತೆಯ ಬರಿಗೊರಳನ್ನು ನೋಡಿದಳೋ ಏನೋ, ಮೆತ್ತಗೆ, "ಅಂಥದ್ದೇನೂ ಇಲ್ಲ. ದೀಪ ಹಚ್ಚಿದ್ದರೆ ಮಕ್ಕಳು ಬರುತ್ತಾರೆ, ಅಷ್ಟೆ" ಎಂದಳು.

ಇನ್ನು ಉಳಿದದ್ದು ನಮ್ಮವರ ಒಪ್ಪಿಗೆ. ಹೊಳೆನರಸೀಪುರದ ಪುರೋಹಿತರಿಗೆ ಫೋನ್ ಹಚ್ಚಿದಳು. "ಏನಮ್ಮಾ ಅದು? ನನ್ನ ಪಂಚಾಂಗದಲ್ಲಿ ಅಂಥ ಹಬ್ಬವೇ ಇಲ್ಲವಲ್ಲ!" ಎಂದರು ಅವರು.

"ಇಲ್ಲ ಅಂದ್ಮೇಲೆ ಮಾಡ್ಬಾರ್ದು ಅಂತ್ಲೂ ಬರ್ದಿಲ್ಲ, ಅಲ್ವಾ ಸ್ವಾಮಿ?"

ಆ ಕಡೆ ಪಂಚಾಂಗದ ಹಾಳೆ ತಿರುವುವ ಸದ್ದು. ಆಮೇಲೆ "ಬರೆದಿಲ್ಲಮ್ಮಾ" ಎಂದು ಕ್ಷೀಣವಾಗಿ ಕೇಳಿಸಿತು.

ಅರಕಲಗೂಡಿನಲ್ಲಿದ್ದ ಮಾವನ ಅಣ್ಣ ಮಾತ್ರ ಕೆಂಡಾಮಂಡಲ. "ಸತ್ತೋರ್ ಮನೇಲಿ ದೆವ್ವದ ಕುಣ್ತ ಇಕ್ಕುಸ್ತೀಯಾ? ಜನ ಏನಂದಾರು!"

"ಪಂಚಾಂಗ್ದಾಗೇ ಇಲ್ಲ ಅಂದ್ರಲ್ಲ ಬಾವ. ಪಂಚಾಂಗ್ದಾಗಿಲ್ದೇ ಇರೋದು ಹಬ್ಬ ಎಂಗಾದಾತು? ಹಬ್ಬ ಅಲ್ದಿದ್ಮೇಲೆ ನಂಗೇನಡ್ಡಿ?" ಎಂದಳು ಅತ್ತೆ. ಅವರು "ಏನಾರ ಮಾಡ್ಕೊ" ಎಂದು ಫೋನ್ ಇಟ್ಟರು. ಅತ್ತೆಯ ಲೆಕ್ಕದಲ್ಲಿ ಅದೂ ಒಪ್ಪಿಗೆಯೇ.

ತಯಾರಿಗೆ ನನಗೆ ಕರೆ ಬಂತು. ನಮ್ಮಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಕತ್ತಿ ಹಾಕುವಂತಿಲ್ಲ, ಗಂಡಸೇ ಒಡೆಯಬೇಕು. ಮಾವನಿದ್ದಾಗ ಮಾವನ ಕೆಲಸ, ಈಗ ನನ್ನದು. ಆಯುಧಪೂಜೆ ಮುಗಿದು ತಿಂಗಳೂ ಆಗಿರಲಿಲ್ಲ ನೋಡಿ, ಕೈಗೆ ಅದೇ ಅಭ್ಯಾಸ. ಎತ್ತಿದವನೇ ಗೇಟಿನ ಮುಂದೆ ಫಟ್ಟೆಂದು ಅಪ್ಪಳಿಸಿದೆ!

"ಮೂತಿ ಕೊರೆಯೋ ಅಂದ್ರೆ ದೃಷ್ಟಿ ತೆಗ್ದ್ಯಲ್ಲೋ!" ಎಂದು ಅತ್ತೆ ತಲೆ ಚಚ್ಚಿಕೊಂಡಳು. ಕಡೆಗೆ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ಕೋರೆಹಲ್ಲಿನ ದೃಷ್ಟಿಬೊಂಬೆಯನ್ನು ಕಡ ತಂದು ಗೇಟಿಗೆ ನೇತು ಹಾಕಿದೆವು. ಅಮೆರಿಕದವರು ಒಂದು ದಿನ ಇಡುವುದನ್ನು ನಾವು ವರ್ಷವಿಡೀ ಕಟ್ಟಿಕೊಂಡಿರುತ್ತೇವಲ್ಲ ಎಂದು ನನಗೆ ಆಗಲೇ ಹೊಳೆದದ್ದು. ಬಾಣಲೆ ಇಡುವಂತಿಲ್ಲವಾದ್ದರಿಂದ ಚಕ್ಕುಲಿ ಇಲ್ಲ. ಹುರಿಗಡಲೆ, ಬೆಲ್ಲ, ಕೊಬ್ಬರಿ ಕುಟ್ಟಿ ದೊಡ್ಡ ತಟ್ಟೆಯ ತುಂಬ ತಂಬಿಟ್ಟು ಕಟ್ಟಿದಳು.

ಸಂಜೆ ದೀಪ ಹಚ್ಚಿ, ಬಾಗಿಲು ತೆರೆದು, ಅತ್ತೆ ಹೊಸ್ತಿಲ ಒಳಗೆ ನಿಂತಳು. ಬೀದಿಯಲ್ಲಿ ಗಲಾಟೆ ಶುರುವಾಯಿತು. ಎದುರು ಮನೆಗೆ ಮಕ್ಕಳು ನುಗ್ಗಿದರು. ಅಲ್ಲಿಂದ ಹೊರಟು ನಮ್ಮ ಗೇಟಿನ ಮುಂದೆ ನಿಂತರು. ಜೊತೆಗಿದ್ದ ತಾಯಿಯೊಬ್ಬಳು ದನಿ ತಗ್ಗಿಸಿ, "ಆ ಮನೆ ಬೇಡ, ಪಾಪ ಅವ್ರಿಗೆ ಬೇಜಾರಾಗುತ್ತೆ, ಮುಂದೆ ನಡೀರಿ" ಎಂದಳು. ತಗ್ಗಿಸಿದರೂ ಕೇಳಿಸಿತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕರೆಯೋಣವೆಂದು ನಾನು ಎದ್ದರೆ ಬೇಡವೆಂದು ಕಣ್ಣಲ್ಲೇ ತಡೆದಳು. ಕರೆಸಿಕೊಂಡು ಬರುವುದು ಬರುವುದೇ?

ಗುಂಪು ಮುಂದೆ ಹೋಯಿತು. ಒಂದು ಪುಟ್ಟ ದೆವ್ವ ಮಾತ್ರ ಹೋಗಲಿಲ್ಲ. ಯಾರದೋ ಬಿಳಿ ಪಂಚೆಗೆ ತೂತು ಮಾಡಿ ಹೊದಿಸಿದ್ದರು. ತೂತು ಕಣ್ಣಿನಿಂದ ಕೆನ್ನೆಗೆ ಜಾರಿತ್ತು. ಏನೂ ಕಾಣದೆ ಬೆಳಕು ಇದ್ದ ಕಡೆಗೆ ತಡವರಿಸಿಕೊಂಡು ಬಂದು, ಮೆಟ್ಟಿಲು ಎಡವಿ, ಅತ್ತೆಯ ಕಾಲಿಗೇ ಬಡಿದು ನಿಂತುಕೊಂಡಿತು. "ಟ್ರಿಕ್ಕಾ ಟ್ರೀಟ್" ಎಂದಿತು. ಹೆಣ್ಣು ಮಗುವಿನ ದನಿ.

ಅತ್ತೆ ಬಗ್ಗಿ ಕೇಳಿದಳು. "ಯಾರ ದೆವ್ವವ್ವಾ ನೀನು?"

ಪಂಚೆಯೊಳಗಿನ ತಲೆ ಯೋಚಿಸಿತು. "ಗೊತ್ತಿಲ್ಲ ಅಜ್ಜಿ," ಎಂದು ಪ್ರಾಮಾಣಿಕವಾಗಿ ಹೇಳಿ, "ನಿಮ್ಗೆ ಯಾರ ದೆವ್ವ ಬೇಕು?" ಎಂದು ಕೇಳಿತು.

ಬೀದಿಯಲ್ಲಿ ಯಾರೋ ಆ ಮಗುವನ್ನು ಹುಡುಕಿ ಕೂಗುತ್ತಿದ್ದರು.

"ನಮ್ಮೆಜಮಾನ್ರದು... ಆದಾತಾ?" ಎಂದಳು ಅತ್ತೆ.

"ಆಗುತ್ತೆ."

ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿ ಮಾಡಿಕೊಂಡು, ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲಕ್ಕೆ ತೆರೆದಳು. ನನ್ನ ಕಣ್ಣು ತುಂಬಿ ಬಂದು ತಂಬಿಟ್ಟೂ ಕಾಣಲಿಲ್ಲ, ಅತ್ತೆಯೂ ಕಾಣಲಿಲ್ಲ. ಅವಳ ದನಿ ಮಾತ್ರ ಕೇಳಿಸಿತು.

"ಆಚೆ ಯಾಕ್ ನಿಂತ್ಕಂಡ್ರಿ? ಬನ್ನಿ, ಒಳೀಕ್ ಬನ್ನಿ."