ಬನಹಟ್ಟಿಗೆ ಬಂದ ಕ್ರಿಸ್‌ಮಸ್ ಮುತ್ಯಾ

ಸಂಪ್ರದಾಯಗಳು ತಾವಾಗಿ ಹುಟ್ಟುವುದಿಲ್ಲ, ಯಾರಾದರೊಬ್ಬರು ಹುಟ್ಟಿಸಬೇಕಾಗುತ್ತದೆ. ಆ ಮಹಾಪುರುಷ ನಾನೇ ಆಗತಕ್ಕದ್ದೆಂದು ಹೋದ ವರ್ಷ ಡಿಸೆಂಬರಿನಲ್ಲಿ ತೀರ್ಮಾನಿಸಿದೆ. ಅರ್ಹತೆಗೇನೂ ಕೊರತೆಯಿರಲಿಲ್ಲ. ಮುಧೋಳ, ಬೀಳಗಿ, ಜಮಖಂಡಿಗಳ ಹಳ್ಳಿಗಳನ್ನು ಸುತ್ತಿ, ಹಿರಿಯರ ಬಾಯಿಂದ ಹಿಂದಿನ ಕಾಲದ ಸಂಗತಿಗಳನ್ನು ಧ್ವನಿಮುದ್ರಿಸಿಕೊಳ್ಳುವುದೇ ನನ್ನ ಉದ್ಯೋಗ. ಅದಕ್ಕಾಗಿ ವಿಶ್ವವಿದ್ಯಾಲಯ ಡಾಕ್ಟರೇಟನ್ನೂ ಕೊಟ್ಟಿದೆ. ಊರವರ ಹಬ್ಬಗಳನ್ನೆಲ್ಲ ಬಲ್ಲವನಿಗೆ ಸ್ವಂತ ಮನೆಗೊಂದು ಹಬ್ಬ ಕಟ್ಟಿಕೊಡುವುದು ಯಾವ ಮಹಾ ಕೆಲಸ?

ಇದಕ್ಕೆಲ್ಲ ಕಾರಣ ಮಗಳು ಪೂರ್ಣಿಮಾ. ಶಾಲೆಯಿಂದ ಬಂದವಳೇ ಬೂಟು ಬಿಚ್ಚುತ್ತ ಕೇಳಿದಳು: "ಅಪ್ಪಾ, ಸಾಲ್ಯಾಗ ಕ್ರಿಸ್‌ಮಸ್ ಮುತ್ಯಾ ಬಂದಿದ್ದ. ನಮ್ಮ ಓಣಿಗಿ ಯಾಕ ಬರೂದಿಲ್ಲ?"

ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಕ್ರಿಸ್‌ಮಸ್ಸಿನ ಅಜ್ಜನೂ ಬನಹಟ್ಟಿಯ ನೇಕಾರರ ಓಣಿಗೆ ಬರಬೇಕಾದರೆ ಮುತ್ಯಾ ಆಗಿಯೇ ಬರಬೇಕು.

"ಈ ವರ್ಷ ಬರ್ತಾನ. ಇನ್ನ ಪ್ರತಿ ವರ್ಷ ಬರ್ತಾನ."

"ಖರೇನ? ನೀ ಊರೂರ ತಿರುಗಾಕ ಹೋದ್ರೂ ಬರ್ತಾನ?"

ಆ ಮಾತು ನಾಟಿತು. ನನ್ನ ಬಾಲ್ಯದಲ್ಲಿ ನಸುಕಿನಲ್ಲಿ ಗಂಟೆ ಕೇಳಿಸಿದರೆ ಸಾಕು, ಹೊದ್ದಿದ್ದ ಕೌದಿ ಒದ್ದು ಹೊರಗೆ ಓಡುತ್ತಿದ್ದೆ. ಎತ್ತಿನ ಮೇಲೆ ಕುಳಿತು, ಕಂಬಳಿ ಹೊದ್ದು, ವಂಶಾವಳಿ ಹೇಳುವ ಹೆಳವ ಬಂದಿರುತ್ತಿದ್ದ. ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಇಳಿಸುತ್ತ ಬಂದು, ಕೊನೆಗೆ ನನ್ನ ಹೆಸರನ್ನೂ ಸೇರಿಸುತ್ತಿದ್ದ. ಅವ್ವ ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿಯುತ್ತಿದ್ದಳು. ಅವನ ಬಾಯಲ್ಲಿ ನನ್ನ ಹೆಸರು ಬಂದ ದಿನವೆಲ್ಲ ನಾನು ಓಣಿಯಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದೆ. ಆ ಹೆಳವ ಬರುವುದು ನಿಂತು ಎಷ್ಟೋ ವರ್ಷಗಳಾದವು. ನಸುಕಿನಲ್ಲಿ ಕಿವಿಗೊಟ್ಟು ಕಾಯಲು ನನ್ನ ಮಕ್ಕಳಿಗೆ ಯಾರೂ ಇರಲಿಲ್ಲ.

ಸಿದ್ಧತೆ ಶಾಸ್ತ್ರೋಕ್ತವಾಗಿಯೇ ನಡೆಯಿತು. ಓಣಿಯ ತುದಿಯಲ್ಲಿ ಪವರ್‌ಲೂಮ್ ನಡೆಸುವ ಗೆಳೆಯ ಶಿದ್ರಾಮಪ್ಪನಿಂದ ಕೆಂಪು ಸೀರೆಯ ತುಂಡು ತಂದು ಅಂಗಿ ಹೊಲಿಸಿದೆ. ಅವನ ಮಗ್ಗದ ಬಿಳಿ ನೂಲಿನಿಂದಲೇ ಗಡ್ಡವಾಯಿತು. ಹುನ್ನೂರಿನ ಸೋದರಮಾವ ತನ್ನ ಎತ್ತಿನ ಕೊರಳ ಗಂಟೆ ಕೊಟ್ಟ. ಮಹಾಲಿಂಗಪುರದ ಬೇಕರಿಯಿಂದ ತಂದ ಕೆನೆ ಮೆತ್ತಿದ ಕೇಕು, ಮಕ್ಕಳಿಗೆಂದು ಕೊಂಡ ಬಣ್ಣದ ಪೆನ್ಸಿಲುಗಳು ಚೀಲದ ತಳ ಸೇರಿದವು.

ಹೆಂಡತಿ ಉಜ್ವಲಾ ಎಲ್ಲವನ್ನೂ ಪರೀಕ್ಷಿಸಿದಳು. "ಗಂಟಿ ಎತ್ತಿಂದು, ದಾಡಿ ಮಗ್ಗದ್ದು, ಅಂಗಿ ಸೀರೀದು. ಇದರಾಗ ಕ್ರಿಸ್‌ಮಸ್ ಎಲ್ಲೈತ್ರಿ?"

"ಸಂಪ್ರದಾಯ ಯಾವಾಗ್ಲೂ ಸ್ಥಳೀಯ ಸಾಮಗ್ರಿಯಿಂದನ ರೂಪುಗೊಳ್ಳೋದು," ಎಂದು ಪ್ರಬಂಧ ಮಂಡಿಸಿದೆ.

"ರೂಪುಗೊಳ್ಳಲಿ ಬಿಡ್ರಿ. ಹೊರಗ ಥಂಡಿ ಭಾಳ ಐತಿ. ಈ ಕಂಬಳಿ ಹೊಚ್ಕೊಂಡ ಹೋಗ್ರಿ."

ಆ ಕಂಬಳಿಯೇ ನನ್ನನ್ನು ಮುಳುಗಿಸಿತು.

ಕ್ರಿಸ್‌ಮಸ್ಸಿನ ನಸುಕಿನಲ್ಲಿ, ಮಕ್ಕಳ ಕಣ್ಣಿಗೆ ಬೀಳದಂತೆ ಶಿದ್ರಾಮಪ್ಪನ ಮಗ್ಗದ ಶೆಡ್ಡಿನಲ್ಲಿ ವೇಷ ತೊಟ್ಟು, ಗಂಟೆ ಬಾರಿಸುತ್ತ ಮನೆಯತ್ತ ಹೊರಟೆ. ಅಂಗಳಕ್ಕೆ ನೀರು ಹಾಕುತ್ತಿದ್ದ ಮುದುಕಿ ಶಂಕ್ರೆವ್ವ ತಂಬಿಗೆ ಹಿಡಿದು ನೆಟ್ಟಗೆ ನಿಂತಳು.

"ಬಂದೇನೋ ಯಪ್ಪಾ ಹೆಳವಾ? ಎಷ್ಟ ವರ್ಷ ಆತೋ ನಿನ್ನ ಮುಖಾ ಕಂಡು. ಎತ್ತ ಎಲ್ಲೈತಿ?"

"ನಾ ಹೆಳವ ಅಲ್ಲಬೇ, ಕ್ರಿಸ್‌ಮಸ್ ಮುತ್ಯಾ," ಎಂದೆ ಗಂಟಲು ದಪ್ಪಮಾಡಿ.

"ಯಾವ ಊರಿನಾವ?"

"ಭಾಳ ದೂರ. ಬರ್ಫದ ಸೀಮಿ."

"ನೀವು ಎಲ್ಲಾರೂ ದೂರದವರ. ಹೇಳ, ನಮ್ಮ ಮನಿತನ ಹೇಳ."

ವೇಷ ಬಿಚ್ಚಿ ನಿಜ ಹೇಳೋಣವೆಂದರೆ, ಎದುರಿನ ನಮ್ಮ ಮನೆಯ ಕಿಟಕಿಯಲ್ಲಿ ಎರಡು ಪುಟ್ಟ ತಲೆಗಳು: ಪೂರ್ಣಿಮಾ, ಅವಳ ತಮ್ಮ ರಾಹುಲ. ನಾನು ಮುತ್ಯಾನಾಗಿಯೇ ಉಳಿಯಬೇಕಿತ್ತು. ಪುಣ್ಯಕ್ಕೆ ಶಂಕ್ರೆವ್ವನ ಮನೆತನದ ವಿವರವನ್ನು ಹಿಂದೊಮ್ಮೆ ನಾನೇ ಧ್ವನಿಮುದ್ರಿಸಿಕೊಂಡಿದ್ದೆ. ಕಣ್ಣು ಮುಚ್ಚಿ ರಾಗವಾಗಿ ಒಪ್ಪಿಸಿದೆ. ತೀರಿಹೋದ ಗಂಡ ಹೊಳೆಪ್ಪನ ಹೆಸರು ಬಂದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೋಗಿ ಮೊರದ ತುಂಬ ಬಿಳಿಜೋಳ ತಂದು, ನಾನು ಬೇಡವೆನ್ನುವಷ್ಟರಲ್ಲಿ ಚೀಲಕ್ಕೆ ಸುರಿದೇಬಿಟ್ಟಳು.

ಕೇಕಿನ ಮೇಲೆ.

ಅಷ್ಟರಲ್ಲಿ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. "ನಮ್ಮದೂ ಹೇಳ, ನಮ್ಮದೂ ಹೇಳ" ಎಂದು ಜೋಳದ ಮೊರಗಳು ಮುಂದೆ ಬಂದವು. ನನ್ನ ಸಂಶೋಧನೆಗೆ ಯಾವ ವಿಚಾರ ಸಂಕಿರಣದಲ್ಲೂ ಇಂಥ ಬೇಡಿಕೆ ಬಂದಿರಲಿಲ್ಲ. ನನಗೂ ಹುರುಪೇರಿತು. ಹಂಚಲು ಹೊರಟ ಮುತ್ಯಾ ಮನೆ ಮುಟ್ಟುವ ಹೊತ್ತಿಗೆ ಚೀಲ ಎಳೆಯಲಾರದೆ ಏದುಸಿರು ಬಿಡುತ್ತಿದ್ದ.

ನಮ್ಮ ಬಾಗಿಲಲ್ಲಿ ಅವ್ವ ನಿಂತಿದ್ದಳು, ಕೈಯಲ್ಲಿ ಜೋಳದ ಮೊರ. ಪಕ್ಕದಲ್ಲಿ ಮಕ್ಕಳಿಬ್ಬರೂ ಕಣ್ಣರಳಿಸಿದ್ದರು.

"ಓಣಿಗೆಲ್ಲಾ ಹೇಳೀದಿ. ನಮ್ಮ ಮನಿತನಾನೂ ಹೇಳ," ಎಂದಳು ಅವ್ವ.

ಗಂಟೆ ಬಾರಿಸಿ, ನನ್ನಪ್ಪನ ಹೆಸರಿನಿಂದ ಗತ್ತಾಗಿ ಆರಂಭಿಸಿದೆ. "ಈ ಮನಿ ಯಜಮಾನ ಗಿರಮಲ್ಲಪ್ಪ. ಅವರಪ್ಪ ಮಲಕಾಜಪ್ಪ. ಅವರಪ್ಪ... ಅವರಪ್ಪ..."

ಗಂಟೆ ನಿಂತಿತು. ಬೀಳಗಿಯ ಆಚೆಯವರ ಮುತ್ತಜ್ಜಂದಿರೆಲ್ಲ ನಾಲಿಗೆಯ ತುದಿಯಲ್ಲಿದ್ದರು. ನಮ್ಮವನು ಮಾತ್ರ ಇರಲಿಲ್ಲ.

"ಅವರಪ್ಪನ ಕುರಿತು ಸಂಶೋಧನೆ ನಡದೈತಿ," ಎಂದೆ.

ಅವ್ವ ಮೊರವನ್ನು ಹಿಂದಕ್ಕೆಳೆದುಕೊಂಡಳು. "ಹೆಸರ ಬರದ ಹೆಳವಗ ಜ್ವಾಳ ಇಲ್ಲ."

ಆಗ ಪೂರ್ಣಿಮಾ ಬಂದು ನನ್ನ ಕಂಬಳಿ ಹಿಡಿದು ಜಗ್ಗಿ, ಅಜ್ಜಿಯತ್ತ ಬೆರಳು ತೋರಿಸಿ ಮೆಲ್ಲಗೆ ಹೇಳಿದಳು: "ಅಪ್ಪಾ, ಆಯಿನ್ನ ಕೇಳಲಾ. ಆಯಿಗೆ ಎಲ್ಲಾ ಗೊತ್ತೈತಿ."

ಗಡ್ಡ ತೆಗೆದು ಕಟ್ಟೆಯ ಮೇಲೆ ಕುಳಿತೆ. ಅವ್ವನೂ ಕುಳಿತಳು. ಮಗ್ಗದ ಸಾಮಾನು ಹೆಗಲ ಮೇಲೆ ಹೊತ್ತು ಈ ಊರಿಗೆ ಬಂದ ಹುಲೆಪ್ಪನಿಂದ ಆರಂಭಿಸಿ, ಕೂಸಿನ ತೊಟ್ಟಿಲನ್ನು ಕಾಲಿನಿಂದ ತೂಗುತ್ತ ಕೈಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದ ಅವನ ಹೆಂಡತಿ ಶೇವಂತಿಯನ್ನೂ ಬಿಡದೆ, ಒಂದೊಂದೇ ತಲೆಮಾರನ್ನು ಇಳಿಸುತ್ತ ಬಂದಳು. ಕೊನೆಗೆ "ಪೂರ್ಣಿಮಾ, ರಾಹುಲ" ಎಂದಾಗ ಮಕ್ಕಳ ಎದೆಗಳು ಉಬ್ಬಿದ್ದನ್ನು ಕಂಡೆ. ಆ ಉಬ್ಬು ನನಗೆ ಪರಿಚಿತವಾಗಿತ್ತು. ಅಂದು ನಮ್ಮ ಮನೆಯಲ್ಲಿ ಜೋಳ ಆರಿಸಿ ಆರಿಸಿ ಕೇಕು ತಿಂದೆವು.

ಸಂಪ್ರದಾಯವೇನೋ ನಿಂತಿತು. ಈ ವರ್ಷ ಓಣಿಯ ಬಾಗಿಲುಗಳು ನಸುಕಿಗೆ ಮೊದಲೇ ತೆರೆದಿದ್ದವು. ಕೆಂಪು ಅಂಗಿ ತೊಟ್ಟು, ಕಂಬಳಿ ಹೊದ್ದು, ನಮ್ಮವ್ವ ಮುಂದೆ ನಡೆದಳು. ಹುನ್ನೂರಿನ ಗಂಟೆಯನ್ನು ಯಾರ ಕೊರಳಿಗೆ ಕಟ್ಟಬೇಕೆಂದು ಪೂರ್ಣಿಮಾ ಹಿಂದಿನ ದಿನವೇ ತೀರ್ಮಾನಿಸಿದ್ದಳು. ಶಂಕ್ರೆವ್ವ ಮೊರ ಹಿಡಿದು ಕಾಯುತ್ತಿದ್ದಳು. ಅವ್ವನನ್ನು ಕಂಡವಳೇ ಕೇಳಿದಳು:

"ಈ ಸಲಾನೂ ಎತ್ತ ತಂದಿಲ್ಲೇನ ಬೋರವ್ವಾ?"

ಅವ್ವ ಬಾಯಿ ತೆರೆಯುವ ಮೊದಲೇ ಉಜ್ವಲಾ ಶಾಂತವಾಗಿ ಉತ್ತರಿಸಿದಳು. "ತಂದೇವ್ರಿ ಆಯಿ. ಹಿಂದ ಚೀಲಾ ಹೊತ್ಕೊಂಡ ಬರಾಕತ್ತೈತಿ, ನೋಡ್ರಿ."

ಅಲ್ಲವೆಂದು ಜೋರಾಗಿ ತಲೆಯಾಡಿಸಿದೆ. ಕೊರಳಲ್ಲಿದ್ದ ಗಂಟೆ ಗಣಗಣ ಎಂದಿತು.